ನಡುವಿನ ಬ್ಲಾಕಿನ ಸ್ವಿಚ್ಚು ಮತ್ತು ಒಂದು ಮಂಡಿಯ ಎಕ್ಸ್‌ರೇ

ನನಗೆ ಬಾಯಿ ಜಾಸ್ತಿ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿಲ್ಲ, ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಲು ತಡವಾಗಿ ತಂದವನಿಗೆ, ನಮ್ಮ ಗೇಟಿಗೆ ಅಡ್ಡ ಸ್ಕೂಟರ್ ನಿಲ್ಲಿಸಿದವರಿಗೆ, ಟ್ಯಾಂಕು ತುಂಬಿ ಬೀದಿಗೆ ನೀರು ಹರಿಯುತ್ತಿದ್ದರೂ ಮೋಟರ್ ಆರಿಸದ ಎದುರುಮನೆಯವರಿಗೆ, ಎಲ್ಲರಿಗೂ ಅದರ ಪರಿಚಯವಿದೆ. "ನಿನ್ನ ನಾಲಿಗೆಗೆ ಒಂದು ದಿನ ರಜಾ ಕೊಡೇ ತಾಯಿ" ಎಂದು ನಮ್ಮಮ್ಮ ಅನ್ನುತ್ತಿದ್ದಳು. ಒಂದು ದಿನ ಕೊಟ್ಟೆ. ಕೊಡಬಾರದ ದಿನವೇ ಕೊಟ್ಟೆ.

ಆಗ ನಾನು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಈಗ ಅಲ್ಲಿಲ್ಲ. ದೇವರಾಜ ಮೊಹಲ್ಲಾದಲ್ಲಿ ಅಂಗಡಿಗಳ ಬಿಲ್ಲಿಂಗ್ ಮೆಷಿನ್ನು, ಕ್ಯಾಮರಾ ರಿಪೇರಿ ಮಾಡಿಕೊಂಡಿದ್ದೇನೆ. ಆಸ್ಪತ್ರೆಯಲ್ಲಿ ನಮ್ಮ ವಿಭಾಗ ಅಂದರೆ ಇಬ್ಬರೇ. ನಾನು, ಮತ್ತು ಎಲ್ಲರೂ ಯಜಮಾನ್ರು ಎಂದು ಕರೆಯುತ್ತಿದ್ದ ಒಬ್ಬ ಹಿರಿಯರು. ಅವರು ನಂಜನಗೂಡಿನ ಕಡೆಯ ಹಳ್ಳಿಯ ಬೇಸಾಯಗಾರರ ಮನೆಯವರು. ಟೆಲಿಫೋನ್ ತಂತಿ ಎಳೆಯುವ ಕೆಲಸಕ್ಕೆ ಅಂತ ಆಸ್ಪತ್ರೆಗೆ ಸೇರಿ, ಕಾಲ ಬದಲಾದ ಹಾಗೆಲ್ಲ ಹೊಸದನ್ನು ಕಲಿಯುತ್ತ ಕಲಿಯುತ್ತ ಕಂಪ್ಯೂಟರಿನ ತನಕ ಬಂದಿದ್ದರು. ಆಸ್ಪತ್ರೆಯ ಆವರಣದ ಮಣ್ಣಿನಡಿ ಯಾವ ಕೇಬಲ್ ಎಲ್ಲಿ ಹೋಗಿದೆ ಎನ್ನುವುದು ಯಾವ ನಕ್ಷೆಯಲ್ಲೂ ಇರಲಿಲ್ಲ, ಅವರ ತಲೆಯಲ್ಲಿತ್ತು. ನಾನು ಹೇಳಹೊರಟಿರುವುದು ನಡೆದ ಹೊತ್ತಿಗೆ ಅವರ ನಿವೃತ್ತಿಗೆ ಎರಡು ತಿಂಗಳು ಉಳಿದಿತ್ತು.

ಅವರ ಹೆಂಡತಿಗೆ ಎರಡೂ ಕಿಡ್ನಿ ಕೆಟ್ಟು, ವಾರಕ್ಕೆ ಎರಡು ಸಲ ನಮ್ಮ ಆಸ್ಪತ್ರೆಯಲ್ಲೇ ಡಯಾಲಿಸಿಸ್ ನಡೆಯುತ್ತಿತ್ತು. ಕೆಲಸದಲ್ಲಿ ಇರುವವರ ಮನೆಯವರಿಗೆ ಅಲ್ಲಿ ಚಿಕಿತ್ಸೆ ಪುಕ್ಕಟೆ. ನಿವೃತ್ತಿಯಾದರೆ ಅದು ನಿಂತುಹೋಗುತ್ತದೆ. ಅದಕ್ಕಾಗಿಯೇ ಯಜಮಾನ್ರು, ಆಮೇಲೆ ಇನ್ನೆರಡು ವರ್ಷ ಕಾಂಟ್ರಾಕ್ಟಿನ ಮೇಲಾದರೂ ಇಟ್ಟುಕೊಳ್ಳಿ ಎಂದು ಅರ್ಜಿ ಹಾಕಿದ್ದರು. ಸೂಪರಿಂಟೆಂಡೆಂಟ್ ಡಾಕ್ಟ್ರು "ಆಗಲಿ ಬಿಡ್ರಿ, ನೀವಿಲ್ಲದೆ ಇಲ್ಲೇನು ನಡೆಯತ್ತೆ" ಎಂದು ಬಾಯಿಮಾತಿನಲ್ಲಿ ಒಪ್ಪಿಯೂ ಇದ್ದರು. ಆದೇಶ ಕೈಗೆ ಬರುವುದೊಂದು ಬಾಕಿ. "ಆ ಕಾಗ್ದ ಒಂದು ಬಂದ್ಬುಟ್ರೆ ಸಾಕು ಕಣಮ್ಮ, ಚಾಮುಂಡಿ ಬೆಟ್ಟ ಮೆಟ್ಲು ಹತ್ತೇ ಹೋಗ್ತೀನಿ" ಅನ್ನುತ್ತಿದ್ದರು. ಆ ಮಂಡಿ ಇಟ್ಟುಕೊಂಡು ಹೇಗೆ ಹತ್ತುತ್ತೀರಿ ಎಂದು ನಾನು ರೇಗಿಸುತ್ತಿದ್ದೆ.

ಆ ವರ್ಷವೇ ನಮ್ಮ ನೆಟ್‌ವರ್ಕನ್ನು ಹೊಸ ಪದ್ಧತಿಗೆ ಬದಲಾಯಿಸಿದ್ದರು. ಹಳೇ ಪದ್ಧತಿಯಲ್ಲಿ ಪ್ರತಿ ಕಟ್ಟಡದ ಸ್ವಿಚ್ಚೂ, ಅಂದರೆ ಅಲ್ಲಿನ ಕಂಪ್ಯೂಟರುಗಳ ಮಾತನ್ನು ಅತ್ತಿಂದಿತ್ತ ದಾಟಿಸುವ ಪೆಟ್ಟಿಗೆ, ತನ್ನ ಬುದ್ಧಿಯನ್ನು ತಾನೇ ಇಟ್ಟುಕೊಂಡಿರುತ್ತಿತ್ತು. ಹೊಸದರಲ್ಲಿ ಬುದ್ಧಿಯೆಲ್ಲ ಒಂದೇ ಕಡೆ. ಮುಂದಿನ ಕಟ್ಟಡದ ಸರ್ವರ್ ರೂಮಿನಲ್ಲಿ ಕಂಟ್ರೋಲರ್ ಎನ್ನುವ ಒಂದು ಕಂಪ್ಯೂಟರ್ ಕೂತು, ಯಾವುದನ್ನು ಎಲ್ಲಿಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಎಲ್ಲ ಸ್ವಿಚ್ಚುಗಳಿಗೂ ಅಪ್ಪಣೆ ಕೊಡುತ್ತಿತ್ತು. ಸ್ವಿಚ್ಚುಗಳದು ಹೇಳಿದಷ್ಟು ಮಾಡುವುದು. ಹೇಳಿದ್ದನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡು, ಮರೆತಾಗ ಮತ್ತೆ ಕೇಳುವುದು.

ನಮ್ಮ ಕಷ್ಟ ಏನೆಂದರೆ, ಕಟ್ಟಡಗಳು ಒಂದರ ಹಿಂದೆ ಒಂದು ಮೂರು. ಕಂಟ್ರೋಲರಿನಿಂದ ಪ್ರತಿಯೊಂದಕ್ಕೂ ಬೇರೆ ಬೇರೆ ಕೇಬಲ್ ಎಳೆದಿರಲಿಲ್ಲ. ನಡುವಿನ ಬ್ಲಾಕಿನ ಸ್ವಿಚ್ಚಿಗೆ ಅಪ್ಪಣೆ ಹೋಗಬೇಕಾದರೆ ಜನ ಓಡಾಡುವ ದಾರಿಯಲ್ಲೇ, ಅಂದರೆ ರೋಗಿಗಳ ರಿಪೋರ್ಟು, ಔಷಧದ ಚೀಟಿ ಹೋಗುವ ಕೇಬಲ್ಲಿನಲ್ಲೇ ಹೋಗಬೇಕು. ಹಿಂದಿನ ಬ್ಲಾಕಿನ ಸ್ವಿಚ್ಚಿಗಂತೂ ಕಂಟ್ರೋಲರಿನ ನೇರ ಸಂಬಂಧವೇ ಇಲ್ಲ. ಅದಕ್ಕೆ ಹೇಳುವುದನ್ನೆಲ್ಲ ನಡುವಿನದೇ ದಾಟಿಸಬೇಕು. ನಡುವಿನದರ ಕಿವಿ ಮುಚ್ಚಿತೋ, ಆಚೆಯದಕ್ಕೂ ಈಚೆಯದಕ್ಕೂ ಮಾತಿಲ್ಲ.

ಇದಕ್ಕೆ ಯಜಮಾನ್ರು ತಮ್ಮದೇ ಒಂದು ಕಟ್ಟಳೆ ಮಾಡಿದ್ದರು. ನಡುವಿನ ಸ್ವಿಚ್ಚಿಗೆ ಏನೇ ಹೊಸ ಅಪ್ಪಣೆ ಕಳಿಸುವುದಿದ್ದರೂ, ಮೊದಲು ಒಬ್ಬರು ಹೋಗಿ ಆ ಪೆಟ್ಟಿಗೆಯ ಪಕ್ಕ ಲ್ಯಾಪ್‌ಟಾಪು, ನೀಲಿ ಕೇಬಲ್ಲು ಹಿಡಿದುಕೊಂಡು ನಿಲ್ಲಬೇಕು. ಆಮೇಲೆ ಇನ್ನೊಬ್ಬರು ಸರ್ವರ್ ರೂಮಿನಿಂದ ಅಪ್ಪಣೆ ಕಳಿಸಬೇಕು. ಕೆಟ್ಟರೆ ಅಲ್ಲಿ ನಿಂತವರು ಕೇಬಲ್ ಚುಚ್ಚಿ ಅಲ್ಲೇ ಅಳಿಸಿಹಾಕಬೇಕು. ನನಗೆ ಇದು ಹಳೇ ಕಾಲದ ಹೆದರಿಕೆ ಅನ್ನಿಸುತ್ತಿತ್ತು.

"ಯಜಮಾನ್ರೇ, ಇದೇನು ಬಾವಿಗೆ ಇಳಿಯೋ ಕೆಲಸಾನಾ, ಮೇಲೊಬ್ಬರು ಹಗ್ಗ ಹಿಡ್ಕೊಂಡು ನಿಲ್ಲೋಕೆ?" ಎಂದು ಒಮ್ಮೆ ಕೇಳಿದ್ದೆ.

"ಅಂಗೇ ಅನ್ಕೋ. ಇಳಿಯೋನಿಗೆ ಏನೂ ಆಗಲ್ಲ ಅಂತ್ಲೇ ಅನ್ಸೋದು" ಎಂದಿದ್ದರು.

ಇನ್ನೊಂದು ವಿಷಯ. ಆ ಕಂಟ್ರೋಲರಿಗೆ ಲಾಗಿನ್ ಇದ್ದದ್ದು ಒಂದೇ, ಅದೂ ಯಜಮಾನ್ರ ಹೆಸರಿನಲ್ಲಿ. ಹಾಕಿಕೊಟ್ಟು ಹೋದ ಕಂಪನಿಯವರು ಒಂದೇ ಮಾಡಿಕೊಟ್ಟಿದ್ದರು, ನನಗೆ ಬೇರೆ ಮಾಡಿಸಬೇಕು ಮಾಡಿಸಬೇಕು ಅಂತ ನಾವಿಬ್ಬರೂ ಅಂದುಕೊಂಡದ್ದೇ ಬಂತು. ಪಾಸ್‌ವರ್ಡ್ ನನಗೂ ಗೊತ್ತಿತ್ತು. ನಾನು ಮಾಡಿದ ಕೆಲಸವೆಲ್ಲ ಅವರ ಹೆಸರಿನಲ್ಲೇ ದಾಖಲಾಗುತ್ತಿತ್ತು. ಮನೆಯಲ್ಲಿ ಒಂದೇ ಬಾಚಣಿಗೆಯನ್ನು ಎಲ್ಲರೂ ಬಳಸುವ ಹಾಗೆ ಅದನ್ನು ಬಳಸುತ್ತಿದ್ದೆವು.

ಆವತ್ತು ಬೆಳಗ್ಗೆ ಯಜಮಾನ್ರ ಮಂಡಿ ತೀರಾ ಊದಿಕೊಂಡಿತ್ತು. "ಎಕ್ಸ್‌ರೇ ತೆಗ್ಸಿ ಬಾ ಅಂದವ್ರೆ, ಹೋಗ್ಬುಟ್ ಬತ್ತೀನಿ. ನಡುವಿಂದ್ಕೆ ಹೊಸ ಅಪ್ಪಣೆ ಕಳ್ಸೋದು ನಾನ್ ಬಂದ್ಮೇಲೆ ಮಾಡನ, ಮುಟ್ಬೇಡ" ಎಂದು ಹೇಳಿ ಮುಂದಿನ ಕಟ್ಟಡದ ಎಕ್ಸ್‌ರೇ ವಿಭಾಗಕ್ಕೆ ಹೋದರು. ಹತ್ತೂವರೆಯಿಂದ ನಾನು ಕಾದೆ. ಹನ್ನೊಂದಾಯಿತು. ಇಷ್ಟು ಸಣ್ಣ ಕೆಲಸಕ್ಕೆ ಇಬ್ಬರು ಬೇಕಾ ಎಂದು ಹಟ ಬಂತು. ಅವರು ಬರುವುದರೊಳಗೆ ಮುಗಿಸಿ, ನೋಡಿ ಎಂದು ತೋರಿಸಬೇಕು ಅನ್ನಿಸಿತು. ಆ ಜಂಬವನ್ನು ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಡುವಿನ ಸ್ವಿಚ್ಚಿಗೆ ಹೊಸ ಅಪ್ಪಣೆ ಕಳಿಸಿದೆ. ಪಟ್ಟಿಯಲ್ಲಿ ಹೆಸರಿರುವವರನ್ನು ಮಾತ್ರ ಒಳಗೆ ಬಿಡು, ಉಳಿದದ್ದನ್ನೆಲ್ಲ ತಡೆ ಅಂತ ಅದರ ಸಾರಾಂಶ. ಔಷಧದಂಗಡಿ ಬರೆದೆ, ಆಪರೇಷನ್ ಥಿಯೇಟರ್ ಬರೆದೆ, ಲ್ಯಾಬ್ ಬರೆದೆ. ಕಂಟ್ರೋಲರನ್ನೇ ಬರೆಯಲಿಲ್ಲ. ಒಳಗಿದ್ದವರಿಗೆ ಚಿಲಕ ಹಾಕಿಕೋ, ಯಾರು ಕೂಗಿದರೂ ತೆಗೆಯಬೇಡ ಎಂದು ಹೇಳಿ ನಾನೇ ಹೊರಗೆ ನಿಂತಂತಾಯಿತು. ಪರದೆಯ ಮೇಲೆ ನಡುವಿನ ಬ್ಲಾಕು ಕೆಂಪಾಯಿತು, ಅದರ ಹಿಂದೆಯೇ ಹಿಂದಿನ ಬ್ಲಾಕೂ ಕೆಂಪಾಯಿತು. ತಪ್ಪಾಯ್ತು, ಅದನ್ನು ಅಳಿಸು ಎಂದು ಮತ್ತೆ ಕಳಿಸಿದೆ. ಕೇಳಿಸಿಕೊಳ್ಳುವವರು ಯಾರಿದ್ದರು?

ಮೊದಲ ಐದು ನಿಮಿಷ ಯಾರಿಗೂ ಏನೂ ಗೊತ್ತಾಗಲಿಲ್ಲ. ಸ್ವಿಚ್ಚುಗಳು ನೆನಪಿಟ್ಟುಕೊಂಡಿದ್ದ ಹಳೇ ಮಾತಿನ ಮೇಲೆ ಕೆಲಸ ನಡೆಯಿತು. ಆಮೇಲೆ ಒಂದೊಂದೇ ನೆನಪು ಹೋಗುತ್ತ ಬಂತು. ಮತ್ತೆ ಕೇಳೋಣವೆಂದರೆ ಉತ್ತರ ಕೊಡುವವರಿಲ್ಲ. ಆ ಎರಡು ಬ್ಲಾಕಿನ ಕಂಪ್ಯೂಟರು ನಿಂತವು, ಅದೇ ಕೇಬಲ್ಲಿನ ಮೇಲಿದ್ದ ಒಳಫೋನುಗಳೂ ನಿಂತವು. ನಡುವಿನ ಸ್ವಿಚ್ಚು ಇದ್ದದ್ದು ಮೆಟ್ಟಿಲ ಕೆಳಗಿನ ಕಬ್ಬಿಣದ ಬೀರುವಿನಲ್ಲಿ. ಬೀರುವಿಗೆ ಬೀಗ, ಬೀಗದ ಕೈ ಯಜಮಾನ್ರ ಜೇಬಿನಲ್ಲಿ. ಫೋನ್ ಮಾಡಿದೆ, ಎತ್ತಲಿಲ್ಲ. ನಾಲ್ಕು ಸಲ ಮಾಡಿದೆ. ಐದನೇ ಸಲ ಎತ್ತಿದರು.

"ಟೇಬಲ್ ಮೇಲೆ ಮಲಗ್ಸಿದ್ರು ಕಣಮ್ಮ, ಏನಾಯ್ತು?"

"ಯಜಮಾನ್ರೇ, ನಡುವಿಂದು ಹೋಯ್ತು."

"ಬೀರು ತಾವ ಬಾ" ಎಂದಷ್ಟೇ ಹೇಳಿ ಇಟ್ಟರು.

ನಾನು ಓಡಿದೆ. ನಡುವಿನ ಬ್ಲಾಕಿನ ಮೊಗಸಾಲೆಯಲ್ಲಿ ಒಬ್ಬ ಗಂಡಸು ಬರಿಗಾಲಲ್ಲಿ, ಕೈಯಲ್ಲಿ ಒಂದು ಚೀಟಿ ಹಿಡಿದು, "ಬ್ಲಡ್ ಬ್ಯಾಂಕ್ ಎಲ್ಲಿ, ಬ್ಲಡ್ ಬ್ಯಾಂಕ್ ಎಲ್ಲಿ" ಎಂದು ಕೂಗುತ್ತ ನನ್ನನ್ನು ಹಾದು ಓಡಿದ. ಮೇಲಿನ ಥಿಯೇಟರಿನಲ್ಲಿ ಅವನ ಹೆಂಡತಿಗೆ ಹೆರಿಗೆಯಾಗಿ ರಕ್ತ ನಿಲ್ಲದೆ ಹೋಗುತ್ತಿತ್ತು. ಸಿಸ್ಟರ್ ಕಂಪ್ಯೂಟರಿನಲ್ಲಿ ರಕ್ತ ಕೇಳಿ ಕಳಿಸಿದ್ದರು, ಹೋಗಿದೆ ಅಂತಲೇ ನಂಬಿ ಕಾದಿದ್ದರು. ಅದು ಹೋಗಿರಲಿಲ್ಲ. ಬ್ಲಡ್ ಬ್ಯಾಂಕು ಹಿಂದಿನ ಬ್ಲಾಕಿನ ನೆಲಮಾಳಿಗೆಯಲ್ಲಿತ್ತು, ಅಲ್ಲಿ ಮೊಬೈಲಿಗೂ ಸಿಗ್ನಲ್ ಸಿಗುತ್ತಿರಲಿಲ್ಲ. ಕೊನೆಗೆ ಗಂಡನ ಕೈಗೇ ಚೀಟಿ ಬರೆದುಕೊಟ್ಟು ಓಡಿಸಿದ್ದರು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆ ಹೊತ್ತಿನಲ್ಲಿ ನಾನು ಕಂಡದ್ದು ಅವನ ಬರಿಗಾಲನ್ನು ಮಾತ್ರ.

ಯಜಮಾನ್ರು ಗೋಡೆ ಹಿಡಿದುಕೊಂಡು ಕುಂಟುತ್ತ ಬಂದರು. ಬೀರು ತೆಗೆದರು, ಊದಿದ ಮಂಡಿಯನ್ನು ಮಡಿಸಲಾಗದೆ ನೆಲದ ಮೇಲೆ ಕಾಲು ಚಾಚಿ ಕೂತರು, ನೀಲಿ ಕೇಬಲ್ ಚುಚ್ಚಿದರು. ಕನ್ನಡಕ ಮರೆತು ಬಂದಿದ್ದರು. "ನೀನು ಓದಿ ಹೇಳು, ನಾನು ಒತ್ತೀನಿ" ಎಂದರು. ನಾನು ಓದಿದೆ, ಅವರು ಒತ್ತಿದರು. ಹನ್ನೊಂದು ಐವತ್ತಕ್ಕೆ ಎಲ್ಲ ಹಸಿರಾಯಿತು. ಅಷ್ಟೂ ಹೊತ್ತಿನಲ್ಲಿ ಅವರು ಯಾಕೆ ಮುಟ್ಟಿದೆ ಎಂದು ಒಂದು ಮಾತು ಕೇಳಲಿಲ್ಲ. ಕೇಳಿ, ನಾಲ್ಕು ಜನರ ಮುಂದೆ ಬೈದುಬಿಟ್ಟಿದ್ದರೆ ನನ್ನ ಮುಂದಿನ ದಿನಗಳು ಬೇರೆ ಇರುತ್ತಿದ್ದವೇನೋ.

ಆ ಹೆಂಗಸು ಬದುಕಿದಳು, ಮಗುವೂ ಬದುಕಿತು. ಗಂಡ ದೂರು ಕೊಟ್ಟ. ಕೊಡದೆ ಬಿಡುತ್ತಾನೆಯೇ? ನಾನಾಗಿದ್ದರೆ ಆಸ್ಪತ್ರೆಯ ಗಾಜು ಒಡೆದುಹಾಕುತ್ತಿದ್ದೆ.

ಮೂರು ದಿನದ ಮೇಲೆ ನಮ್ಮಿಬ್ಬರನ್ನೂ ಸೂಪರಿಂಟೆಂಡೆಂಟರ ಕೋಣೆಗೆ ಕರೆದರು. ಅವರು ಮೂಳೆ ಡಾಕ್ಟ್ರು, ಒಳ್ಳೆಯವರೇ, ಆದರೆ ಕಂಪ್ಯೂಟರಿನ ಗೊಡವೆ ಅವರಿಗೆ ಗೊತ್ತಿರಲಿಲ್ಲ. ನನ್ನ ಜೊತೆ ಅವರು ಅದುವರೆಗೆ ನೇರವಾಗಿ ಮಾತಾಡಿದ್ದೂ ಇಲ್ಲ. ನನಗೆ ಹೇಳಬೇಕಾದದ್ದನ್ನೂ ಯಜಮಾನ್ರಿಗೇ ಹೇಳುತ್ತಿದ್ದರು, ನಾನು ಕೇಳಬೇಕಾದದ್ದನ್ನೂ ಯಜಮಾನ್ರೇ ಕೇಳುತ್ತಿದ್ದರು. ಮೇಜಿನ ಮೇಲೆ ಕಂಟ್ರೋಲರಿನ ಲಾಗು, ಅಂದರೆ ಯಾರು ಎಷ್ಟು ಗಂಟೆಗೆ ಏನು ಮಾಡಿದರು ಎನ್ನುವ ದಾಖಲೆ, ಪ್ರಿಂಟಾಗಿ ಬಿದ್ದಿತ್ತು. ಯಜಮಾನ್ರ ತೊಡೆಯ ಮೇಲೆ ಒಂದು ದೊಡ್ಡ ಕಂದು ಕವರ್ ಇತ್ತು. ಮಂಡಿ ತೋರಿಸಲು ತಂದಿದ್ದಾರೆ ಅಂದುಕೊಂಡೆ.

"ಹನ್ನೊಂದು ಹತ್ತು. ಇದು ನಿಮ್ಮ ಹೆಸರಿನ ಲಾಗಿನ್ ತಾನೇ?" ಎಂದು ಡಾಕ್ಟ್ರು ಕೇಳಿದರು.

"ಹೌದು ಸಾರ್, ನಂದೇ."

"ಏನ್ರೀ ಇದು, ಇಷ್ಟು ವರ್ಷ ಮಾಡಿದವರು ನೀವು. ಏನಾದ್ರೂ ಹೇಳೋದಿದೆಯಾ?"

ಯಜಮಾನ್ರು ಕವರಿನ ಅಂಚನ್ನು ಬೆರಳಿನಲ್ಲಿ ಸವರುತ್ತ, ತಲೆ ತಿರುಗಿಸಿ ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಕಿಟಕಿಯ ಕಡೆ ತಿರುಗಿದೆ.

ಡಾಕ್ಟ್ರು ನನ್ನನ್ನೂ ಕೇಳಿದರು. "ನಿಮಗೇನಮ್ಮ, ಏನಾದ್ರೂ ಹೇಳೋದಿದೆಯಾ?"

"ಇಲ್ಲ ಸಾರ್" ಎಂದೆ.

ಯಾಕೆ ಹಾಗೆಂದೆ? ನನ್ನದು ವರ್ಷ ವರ್ಷ ಮುಂದುವರಿಸುವ ಕಾಂಟ್ರಾಕ್ಟು, ಅದೇ ತಿಂಗಳು ಮುಗಿಯುತ್ತಿತ್ತು. ಮಗಳು ಆ ವರ್ಷ ಕಾಲೇಜು ಸೇರಬೇಕಿತ್ತು. ಇವೆಲ್ಲ ಆಮೇಲೆ ನನಗೆ ನಾನೇ ಹೇಳಿಕೊಂಡ ಕಾರಣಗಳು. ಆ ಕ್ಷಣದಲ್ಲಿ ಹೆದರಿದೆ, ಅಷ್ಟೇ. ಬೀದಿಯನ್ನೆಲ್ಲ ಬಾಯಲ್ಲಿ ಆಳುವವಳಿಗೆ ನಾಲಿಗೆ ಮೇಲೇಳಲಿಲ್ಲ. ಯಜಮಾನ್ರು ಮೆಲ್ಲಗೆ ಕವರನ್ನು ಮಗುಚಿ ಇಟ್ಟುಕೊಂಡರು. "ಲಾಗಿನ್ ನಂದು ಸಾರ್. ಜವಾಬ್ದಾರೀನೂ ನಂದೇ" ಎಂದರು. ಅವರು ಸುಳ್ಳು ಹೇಳಲಿಲ್ಲ. ನಾನೂ ಸುಳ್ಳು ಹೇಳಲಿಲ್ಲ ಎಂದು ಬಸ್‌ಸ್ಟಾಪಿನ ತನಕ ನನಗೆ ನಾನೇ ಹೇಳಿಕೊಳ್ಳುತ್ತ ನಡೆದೆ.

ಎರಡು ತಿಂಗಳಲ್ಲಿ ಅವರ ನಿವೃತ್ತಿಯಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ ಎಲ್ಲ ಆಯಿತು. ಕಾಂಟ್ರಾಕ್ಟಿನ ಆದೇಶ ಮಾತ್ರ ಬರಲಿಲ್ಲ. ನನ್ನದು ಮುಂದುವರಿಯಿತು. ನನ್ನ ಹೆಸರಿನಲ್ಲಿ ಹೊಸ ಲಾಗಿನ್ನೂ ಬಂತು. ಹೋಗುವಾಗ ಯಜಮಾನ್ರು ಬೀರುವಿನ ಬೀಗದ ಕೈ, ನೀಲಿ ಕೇಬಲ್ ನನ್ನ ಕೈಗಿಟ್ಟು, "ಒಬ್ರು ನಿಂತ್ಕೊಳ್ದೆ ಮುಟ್ಬೇಡ" ಎಂದರು. ಯಾರನ್ನು ನಿಲ್ಲಿಸಲಿ? ಇದ್ದದ್ದು ಇಬ್ಬರು, ಒಬ್ಬರನ್ನು ನಾನು ಕಳಿಸಿಬಿಟ್ಟಿದ್ದೆ.

ನಾಲ್ಕು ತಿಂಗಳು ನಾನು ಅವರ ಮನೆ ಕಡೆ ತಲೆ ಹಾಕಲಿಲ್ಲ. ಅನ್ನ ತಿನ್ನುವಾಗ, ಮಗಳಿಗೆ ಜಡೆ ಹಾಕುವಾಗ, ಅವರು ತಲೆ ತಿರುಗಿಸಿ ನೋಡಿದ ನೋಟ ಬಂದು ಎದುರು ನಿಲ್ಲುತ್ತಿತ್ತು. ಮನೆಯಲ್ಲಿ ಸುಮ್ಮಸುಮ್ಮನೆ ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ಒಂದು ದಿನ ಡಯಾಲಿಸಿಸ್ ವಿಭಾಗದ ಕಂಪ್ಯೂಟರ್ ಸರಿಮಾಡಲು ಹೋದಾಗ ಅಲ್ಲಿನ ಸಿಸ್ಟರ್, "ಯಜಮಾನ್ರ ಮನೆಯವರು ಈಗ ಸರ್ಕಾರಿ ಆಸ್ಪತ್ರೆಗೆ ಹೋಗ್ತಾರಂತೆ ಕಣ್ರೀ. ಪಾಳಿ ಸಿಗದೆ ಎಷ್ಟೋ ಸಲ ವಾಪಸ್ ಬರ್ತಾರಂತೆ, ಪಾಪ" ಎಂದರು. ಆ ಭಾನುವಾರ ಬೆಳಗ್ಗೆ ನಾನು ರಾಮಕೃಷ್ಣನಗರದ ಬಸ್ ಹತ್ತಿದೆ.

ಯಜಮಾನ್ರ ಮನೆ ಮಹಡಿಯ ಮೇಲಿನ ಎರಡು ಕೋಣೆಯದು. ಅವರ ಹೆಂಡತಿ ಮಂಚದ ಮೇಲೆ ಕೂತಿದ್ದರು. ಮುಖ, ಪಾದ ಎರಡೂ ಬಾತುಕೊಂಡಿದ್ದವು. ನನ್ನನ್ನು ಕಂಡದ್ದೇ, "ಬಾರವ್ವ, ಬಾ. ನಿನ್ ಮಾತು ಬರದೇ ಇರೋ ದಿನ ಇಲ್ಲ ನಮ್ಮನೇಲಿ. ಚುರುಕು ಅಂದ್ರೆ ಚುರುಕು ಅಂತಾರೆ" ಎಂದರು. ಯಜಮಾನ್ರು ತಾವೇ ಕಾಫಿ ಮಾಡಿ ತಂದು ಕೊಟ್ಟರು. ಲೋಟವನ್ನು ಹಾಗೇ ಕೆಳಗಿಟ್ಟೆ. ಇನ್ನು ಒಂದು ಗಳಿಗೆ ತಡೆದರೆ ಮತ್ತೆ ಕಿಟಕಿಯ ಕಡೆ ತಿರುಗಿಬಿಡುತ್ತೇನೆ ಅನ್ನಿಸಿತು.

"ಆವತ್ತು ಸ್ವಿಚ್ಚು ಕೆಡಿಸಿದ್ದು ನಾನು ಕಣಮ್ಮ" ಎಂದು ಆಕೆಗೇ ಹೇಳಿದೆ. "ಇವರಲ್ಲ. ಇವರು ಬೇಡ ಅಂದಿದ್ರು. ಇವರ ಲಾಗಿನ್ನಲ್ಲಿ ನಾನು ಮಾಡಿದೆ. ಡಾಕ್ಟ್ರು ಕೇಳಿದಾಗ ಸುಮ್ಮನಿದ್ದುಬಿಟ್ಟೆ." ಹೇಳುತ್ತ ಹೇಳುತ್ತ ಅಳು ಬಂತು. ಆಕೆ ತಮ್ಮ ಬಾತ ಪಾದಗಳನ್ನೇ ನೋಡುತ್ತ ಕೂತರು. ನನಗೆ ಯಜಮಾನ್ರ ಮೇಲೆ ಸಿಟ್ಟೇ ಬಂತು. "ನೀವಾದ್ರೂ ಯಾಕೆ ಹೇಳ್ಲಿಲ್ಲ ಯಜಮಾನ್ರೇ? ಇವಳು ಮಾಡಿದ್ದು ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲ!"

"ನಾನ್ಯಾಕಮ್ಮ ಹೇಳ್ಲಿ? ನಿನ್ಗೆ ಬಾಯಿರ್ಲಿಲ್ವಾ?" ಎಂದರು.

ಅವರು ದನಿ ಎತ್ತರಿಸಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ಅವರೇ ಎದ್ದು, ಬೀರುವಿನ ಮೇಲಿಂದ ಆ ಕಂದು ಕವರ್ ತೆಗೆದು ತಂದರು. ಒಳಗಿಂದ ಎಕ್ಸ್‌ರೇ ಎಳೆದು ನನ್ನ ಮುಂದೆ ಹಿಡಿದರು. ಅವರ ಮಂಡಿಯ ಚಿತ್ರ. ಕೆಳಗೆ ಮೂಲೆಯಲ್ಲಿ ಅವರ ಹೆಸರು, ಆವತ್ತಿನ ತಾರೀಖು, ಸಣ್ಣ ಬಿಳಿ ಅಕ್ಷರದಲ್ಲಿ ಗಂಟೆ. ಹನ್ನೊಂದು ಹತ್ತು. ಕಂಟ್ರೋಲರನ್ನು ಸರ್ವರ್ ರೂಮಿನಲ್ಲಿ ಕೂತೇ ಮುಟ್ಟಬೇಕಿತ್ತು, ಬೇರೆಲ್ಲಿಂದಲೂ ಆಗುತ್ತಿರಲಿಲ್ಲ, ಅದು ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ನಿಮಿಷದಲ್ಲಿ ಅವರು ಎಕ್ಸ್‌ರೇ ಟೇಬಲ್ಲಿನ ಮೇಲೆ ಮಲಗಿದ್ದರು.

"ತೋರ್ಸಾಕೆ ಅಂತ್ಲೇ ತಂದಿದ್ದೆ ಕಣಮ್ಮ ಆವತ್ತು" ಎಂದರು. ದನಿ ಇಳಿದಿತ್ತು. "ತೆಗೆಯೋ ಮುಂಚೆ ನಿನ್ ಮುಖ ನೋಡ್ದೆ. ಇವಳೇ ಹೇಳ್ತಾಳೆ, ನಾನ್ಯಾಕೆ ಮಗಿನ ಮೇಲೆ ಚಾಡಿ ಹೇಳ್ಲಿ, ಬುಡು ಅಂದ್ಕಂಡೆ. ರಿಟೈರ್ ಆಗೋ ದಿನದ್ವರ್ಗೂ ಅಂಗೇ ಅಂದ್ಕಂಡಿದ್ದೆ."

ಎಕ್ಸ್‌ರೇಯನ್ನು ಕವರಿಗೆ ಸೇರಿಸಿ ನನ್ನ ಕೈಗೆ ಕೊಟ್ಟರು. "ಈಗ ನೀನೇ ತೋರ್ಸು. ಕಾಫಿ ಆರ್ತದೆ, ಕುಡಿ."

ಮುಂದೇನಾಯಿತು ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಕೆಲಸ ಹೋಯಿತು, ಹೋಗಬೇಕಾದದ್ದೇ. ಯಜಮಾನ್ರನ್ನು ಮತ್ತೆ ಕರೆದರು, ಆಕೆಯ ಡಯಾಲಿಸಿಸ್ಸೂ ಮತ್ತೆ ಅಲ್ಲೇ ಶುರುವಾಯಿತು. ಆದರೆ ಪಾಳಿ ಸಿಗದೆ ತಪ್ಪಿಹೋದ ಆ ದಿನಗಳು ಆಕೆಯ ಹೃದಯವನ್ನು ಸೋಲಿಸಿದ್ದವು. ಎಂಟು ತಿಂಗಳು ಇದ್ದರು. ನಾಲ್ಕು ತಿಂಗಳು ಮೊದಲೇ ಬಾಯಿ ಬಿಟ್ಟಿದ್ದರೆ ಇನ್ನೆಷ್ಟು ದಿನ ಇರುತ್ತಿದ್ದರೋ, ಯಾವ ಡಾಕ್ಟ್ರೂ ನನಗೆ ಹೇಳಲಾರರು. ನಾನೂ ಯಾರನ್ನೂ ಕೇಳಿಲ್ಲ.

ಅವರ ಮನೆಗೆ ಹೋಗಿಬಂದ ಮರುದಿನ, ಸೋಮವಾರ ಬೆಳಗ್ಗೆ, ನಾನು ಯಾರನ್ನೂ ನಡುವೆ ಇಟ್ಟುಕೊಳ್ಳದೆ ಸೂಪರಿಂಟೆಂಡೆಂಟರ ಕೋಣೆಗೆ ಹೋದೆ. ಕವರನ್ನು ಮೇಜಿನ ಮೇಲಿಟ್ಟೆ. ಡಾಕ್ಟ್ರು ಅಭ್ಯಾಸದಂತೆ ಎಕ್ಸ್‌ರೇ ಎಳೆದು, ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು.

"ಮೂಳೆ ಪೂರಾ ಸವೆದುಹೋಗಿದೆಯಲ್ಲಮ್ಮ. ಈ ಮಂಡೀಲಿ ನಡೆಯೋದೇ ಕಷ್ಟ. ಯಾರದು?" ಎಂದರು.

"ಮೂಳೆ ನೋಡ್ಬೇಡಿ ಸಾರ್" ಎಂದೆ. "ಕೆಳಗೆ ಗಂಟೆ ಬರೆದಿದೆ, ಅದನ್ನ ನೋಡಿ."